ತಾಯಿಯನ್ನು ನೋಡದೆ ತಂದ ಮರಿ

ನಾಪೋಕ್ಲು ಸಂತೆಯ ತರಕಾರಿಯವರು ನನ್ನನ್ನು ದೂರದಿಂದ ಕಂಡರೆ ಬೇರೆ ಗಿರಾಕಿಯ ಕಡೆ ತಿರುಗಿಕೊಳ್ಳುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ಬೆಂಡೆಕಾಯಿಯ ತುದಿಯನ್ನು ಒಂದೊಂದಾಗಿ ಮುರಿದು ನೋಡುವವಳು ನಾನು. ಕಿವಿರು ಎತ್ತಿ ನೋಡದೆ ಒಂದು ಮೀನನ್ನೂ ತಕ್ಕಡಿಗೆ ಹಾಕಿಸಿದವಳಲ್ಲ. ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿದ್ದೇನೆ. ಉತ್ತರ ಸರಿಯಿದ್ದರೂ ನಡುವಿನ ಹಂತ ಬರೆಯದ ಮಕ್ಕಳಿಗೆ ಪೂರ್ತಿ ಅಂಕ ಕೊಟ್ಟಿಲ್ಲ. ಇಂಥ ನಾನು ಒಂದು ನಾಯಿಮರಿಯನ್ನು, ಅದರ ತಾಯಿಯನ್ನು ಕಣ್ಣಿನಿಂದ ನೋಡದೆ ಮನೆಗೆ ಹೊತ್ತು ತಂದೆ. ಯಾರೂ ನನಗೆ ಮೋಸ ಮಾಡಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ಗಂಡ ಸೇನೆಯಲ್ಲಿ ನಾಯಿಗಳ ಜೊತೆ ಇದ್ದವರು. ನೆಲದಲ್ಲಿ ಹೂತಿಟ್ಟ ಸ್ಫೋಟಕಗಳನ್ನು ಮೂಸಿ ಹುಡುಕುವ ಲ್ಯಾಬ್ರಡಾರ್‌ಗಳನ್ನು ನಡೆಸುವುದು ಅವರ ಕೆಲಸವಾಗಿತ್ತು. ಅಲ್ಲಿ ಒಬ್ಬ ಮನುಷ್ಯನಿಗೆ ಒಂದು ನಾಯಿ. ನಾಯಿ ತಿಂದ ಮೇಲೆಯೇ ಇವರ ಊಟ, ನಾಯಿಗೆ ಜ್ವರ ಬಂದರೆ ಅದರ ಪಕ್ಕದಲ್ಲೇ ಇವರ ಹಾಸಿಗೆ. ನಿವೃತ್ತರಾಗಿ ಊರಿಗೆ ಬಂದ ಮೇಲೆ ಒಂದು ನಾಯಿ ಸಾಕೋಣವೆಂದು ನಾನು ಎಷ್ಟೋ ಸಲ ಹೇಳಿದೆ. ಬೇಡವೆಂದರು. ಕೊನೆಯ ನಾಯಿಯ ಹಗ್ಗವನ್ನು ಇನ್ನೊಬ್ಬರ ಕೈಗೆ ಕೊಟ್ಟು ರೈಲು ಹತ್ತಿದ ದಿನವೇ ಆ ಕತೆ ಮುಗಿಯಿತು ಎನ್ನುತ್ತಿದ್ದರು. ನಮಗೆ ಮಕ್ಕಳಿಲ್ಲ. ಇಬ್ಬರೇ ಇರುವ ಮನೆಯಲ್ಲಿ ಒಬ್ಬರು ಬೇಡವೆಂದರೆ ಆ ಮಾತು ಅಲ್ಲಿಗೇ ನಿಲ್ಲುತ್ತದೆ.

ಮೂರು ವರ್ಷದ ಹಿಂದೆ, ಕಾಫಿ ಹೂವಿಗೆ ನೀರು ಹಾಯಿಸುವ ಸಮಯ, ತೋಟದಲ್ಲಿ ಸ್ಪ್ರಿಂಕ್ಲರ್ ಪೈಪು ಎಳೆಯುತ್ತಿದ್ದವರು ಹಾಗೇ ಕುಸಿದು ಬಿದ್ದರು. ಪಾರ್ಶ್ವವಾಯು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ನಾಲಿಗೆ ಹೊರಳದಾಯಿತು. ಜೀವ ಉಳಿಯಿತು. ಮನೆಗೆ ಕಳುಹಿಸುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ದಿನಾ ನಡೆಸಬೇಕು, ಮೊದಲ ವರ್ಷದಲ್ಲಿ ಕಾಲಿಗೆ ಎಷ್ಟು ಬಲ ಬರುತ್ತದೆಯೋ ಹೆಚ್ಚುಕಡಿಮೆ ಅಷ್ಟೇ, ಆಮೇಲೆ ಬರುವುದು ಕಷ್ಟ ಎಂದು ಹೇಳಿದರು. ಒಂದು ವರ್ಷ. ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡಿ ಅಭ್ಯಾಸವಿದ್ದ ನನಗೆ ಅದು ಸಾಕಷ್ಟು ದೊಡ್ಡ ಅವಧಿ ಎಂದೇ ಅನ್ನಿಸಿತು.

ಆದರೆ ಇವರು ನಡೆಯಲಿಲ್ಲ. ನಮ್ಮ ಗೇಟಿನ ಎದುರಿಗೇ ಬಸ್ಸು ನಿಲ್ಲುವ ಜಾಗ. ಅಂಗಳಕ್ಕೆ ಇಳಿದರೆ ಬಸ್ಸಿಗೆ ಕಾಯುವವರ ಕಣ್ಣಿಗೆ ಬೀಳುತ್ತಾರೆ. ಎದೆಯೆತ್ತಿ ನಡೆದ ಮನುಷ್ಯ ಕಾಲೆಳೆಯುವುದನ್ನು ಊರು ನೋಡಬಾರದು ಎಂಬ ಹಟ. ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ನಾನು ಬೇಡಿದೆ, ಗದರಿದೆ, ಒಂದೆರಡು ದಿನ ಮಾತು ಬಿಟ್ಟೆ. ಮಾತೇ ಆಡದವರ ಹತ್ತಿರ ಮಾತು ಬಿಟ್ಟು ಏನು ಪ್ರಯೋಜನ? ಐದು ತಿಂಗಳು ಹಾಗೆ ಹೋಯಿತು. ಒಬ್ಬ ಮನುಷ್ಯ ಸಾಯದೆಯೇ ಮನೆಯಿಂದ ಹೊರಟು ಹೋಗುವುದನ್ನು ನಾನು ದಿನಾ ನೋಡುತ್ತಿದ್ದೆ. ನನಗೆ ಭಯವಾಗುತ್ತಿತ್ತು.

ಆಗಸ್ಟ್ ಕೊನೆಯಲ್ಲಿ ಒಂದು ದಿನ ಆಸ್ಪತ್ರೆಯಿಂದ ಜೀಪಿನಲ್ಲಿ ಬರುತ್ತಿದ್ದೆವು. ನಮ್ಮ ಮುಂದೆ ಹೋಗುತ್ತಿದ್ದ ಕಾರಿನ ಕಿಟಕಿಯಿಂದ ಒಂದು ಲ್ಯಾಬ್ರಡಾರ್ ತಲೆ ಹೊರಗೆ ಹಾಕಿ ಗಾಳಿ ಕುಡಿಯುತ್ತಿತ್ತು. ಇವರು ಎಡಗೈ ಎತ್ತಿ ಅದನ್ನು ತೋರಿಸಿದರು. ತುಂಬ ಹೊತ್ತು ಬಾಯಿ ಅಲ್ಲಾಡಿಸಿ "ಮರಿ" ಎಂದರು. ಐದು ತಿಂಗಳಲ್ಲಿ ಅವರು ಬೇಕೆಂದು ಕೇಳಿದ್ದು ಅದೊಂದೇ.

ಮಾರನೆಯ ದಿನ ನನ್ನ ಹಳೆಯ ಪಾಠಟಿಪ್ಪಣಿಯ ಪುಸ್ತಕ ತೆಗೆದುಕೊಂಡು ಎಡಗೈಯಲ್ಲಿ ಬರೆಯಲು ಕೂತರು. ಅರ್ಧ ಪುಟಕ್ಕೆ ಅರ್ಧ ದಿನ ಹಿಡಿಯಿತು. ತಾಯಿಯನ್ನು ನೋಡು, ನಡೆಸಿ ನೋಡು, ಹಿಂದಿನಿಂದ ನೋಡು ಎಂದು ಮೊದಲೇ ಬರೆದಿದ್ದರು. ಅಪ್ಪ, ಅಮ್ಮ ಎರಡಕ್ಕೂ ಸೊಂಟದ ಎಕ್ಸ್‌ರೇ ಆಗಿದೆಯೇ ಕೇಳು. ಎಂಟು ವಾರ ತುಂಬದೆ ತರಬೇಡ. ಮರಿಗಳು ಮಲಗುವ ಜಾಗ ತೋರಿಸಲು ಒಪ್ಪದವರ ಮನೆಯಲ್ಲಿ ನಿಲ್ಲಬೇಡ. ಕೊನೆಗೆ, ಎರಡು ಸಲ ಅಡಿಗೆರೆ ಎಳೆದು, ಮರಿಯ ಮುಖ ನೋಡಿ ಮರುಳಾಗಬೇಡ ಎಂದಿತ್ತು. ಒಂದನೇ ತರಗತಿಯ ಮಕ್ಕಳ ಅಕ್ಷರ ಇದಕ್ಕಿಂತ ವಾಸಿ. ಆದರೂ ಅದನ್ನು ಮೂರು ಸಲ ಓದಿದೆ, ಏಕೆಂದರೆ ಬರೆದವರು ನನ್ನ ಹಳೆಯ ಗಂಡ, ಹುಕುಂ ಕೊಡುವ ಮನುಷ್ಯ.

ನಾನು ಹುಡುಕಿದೆ. ಚೆನ್ನಾಗಿಯೇ ಹುಡುಕಿದೆ. ಮೊಬೈಲಿನಲ್ಲಿ ಒಬ್ಬ ಮರಿಯ ಫೋಟೋ ಕಳುಹಿಸಿದ. ಅದೇ ಫೋಟೋ ಬೇರೆ ಹೆಸರಿನಲ್ಲಿ ಇನ್ನೊಬ್ಬನ ಹತ್ತಿರವೂ ಇತ್ತು. ಇನ್ನೊಬ್ಬ, ವಿರಾಜಪೇಟೆ ಬಸ್ ಸ್ಟ್ಯಾಂಡಿಗೆ ಬನ್ನಿ, ಕೇರಳದ ಬಸ್ಸಿನಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಮರಿ ಬರುತ್ತದೆ, ಇಳಿಸಿಕೊಂಡು ಹೋಗಿ ಎಂದ. ಕೋಳಿ ತರಿಸುವುದಾದರೂ ನಾನು ಹಾಗೆ ತರಿಸುವುದಿಲ್ಲ ಎಂದು ಫೋನ್ ಇಟ್ಟೆ. ಇವರ ಮುಂದೆ ಈ ಕತೆಗಳನ್ನೆಲ್ಲ ಹೇಳುವಾಗ ನನಗೆ ಜಂಬವೂ ಇತ್ತು. ಇವಳಿಗೆ ಯಾರೂ ಮೋಸ ಮಾಡಲಾರರು ಎಂಬಂತೆ ಇವರು ಎಡಗಡೆಯ ತುಟಿಯಲ್ಲಿ ನಗುತ್ತಿದ್ದರು.

ಆಮೇಲೆ ಶನಿವಾರಸಂತೆ ಊರಿನ ಕಡೆಯ ಒಬ್ಬ ಹೆಂಗಸಿನ ನಂಬರು ಸಿಕ್ಕಿತು. ಕೃಷಿಕರ ಮನೆ, ಎರಡು ವರ್ಷಕ್ಕೊಮ್ಮೆ ಮಾತ್ರ ಮರಿ ಹಾಕಿಸುತ್ತಾರೆ ಎಂದು ಕೇಳಿದ್ದೆ. ಫೋನ್ ಮಾಡಿದರೆ ನಾನು ಕೇಳಬೇಕಾದ್ದನ್ನೆಲ್ಲ ಆಕೆಯೇ ಕೇಳಲು ಶುರು ಮಾಡಿದರು. ಮನೆಯಲ್ಲಿ ಎಷ್ಟು ಜನ? ಹಗಲು ನಾಯಿಯ ಹತ್ತಿರ ಯಾರಿರುತ್ತಾರೆ? ಕಟ್ಟಿ ಹಾಕುತ್ತೀರಾ? ಮೆಟ್ಟಿಲು ಎಷ್ಟಿದೆ? ಹಿಂದೆ ಸಾಕಿದ ನಾಯಿ ಹೇಗೆ ಸತ್ತಿತು? ಗಂಡನಿಗೆ ಪಾರ್ಶ್ವವಾಯು ಎಂದಾಗ, ಹಾಗಾದರೆ ಆರು ತಿಂಗಳ ನಾಯಿ ಎಳೆದರೆ ಹಿಡಿಯುವವರು ಯಾರು ಎಂದರು. ಮೊದಲು ಇಬ್ಬರೂ ಒಮ್ಮೆ ಬಂದು ತಾಯಿ ನಾಯಿಯನ್ನು ನೋಡಿಕೊಂಡು ಹೋಗಿ, ಎಕ್ಸ್‌ರೇ ಎಲ್ಲ ಇಲ್ಲೇ ಇದೆ, ಈಗ ಮರಿ ಇಲ್ಲ, ನಾಲ್ಕೈದು ತಿಂಗಳು ಕಾಯಬೇಕು ಎಂದೂ ಹೇಳಿದರು.

"ಮರಿ ಕೊಡೋದು ದೊಡ್ಡ ವಿಷ್ಯ ಅಲ್ಲ ಮೇಡಂ. ನಿಮ್ ಕೈಲಿ ಆಗ್ದೆ ಹೋದ್ರೆ ನಂಗೇ ವಾಪಸ್ ತಂದ್ಕೊಡ್ತೀನಿ ಅಂತ ಬರ್ಕೊಡ್ಬೇಕು. ಬೇರೆ ಯಾರ್ಗೂ ಕೊಡಂಗಿಲ್ಲ" ಎಂದರು.

ನನಗೆ ಮೈ ಉರಿಯಿತು. ಹೆಣ್ಣು ಕೇಳಲು ಹೋದರೂ ಇಷ್ಟು ಪ್ರಶ್ನೆ ಕೇಳುವುದಿಲ್ಲ. ದುಡ್ಡು ಕೊಟ್ಟು ಕೊಳ್ಳುವವಳಿಗೆ ಪರೀಕ್ಷೆ ಬರೆಸುತ್ತಾಳಲ್ಲ, ಇವಳು ಯಾವ ಸೀಮೆಯ ದೊಡ್ಡ ಮನುಷ್ಯಳು ಅನ್ನಿಸಿತು. ಇಪ್ಪತ್ತಾರು ವರ್ಷ ಪ್ರಶ್ನೆ ಕೇಳಿ ಅಭ್ಯಾಸವಾದವಳಿಗೆ ಉತ್ತರ ಹೇಳುವುದು ಕಷ್ಟ. ಅದಲ್ಲದೆ ನಾಲ್ಕೈದು ತಿಂಗಳು ಎಂದರೆ ಡಾಕ್ಟರು ಕೊಟ್ಟ ವರ್ಷ ಮುಗಿದೇ ಹೋಗುತ್ತದೆ. ಹೆಸರು ಬರೆದುಕೊಳ್ಳಲಾ ಎಂದು ಆಕೆ ಕೇಳಿದರು. ಬರೆದುಕೊಳ್ಳಿ ಎಂದು ಬೇಕಾಬಿಟ್ಟಿ ಹೇಳಿ ಫೋನ್ ಇಟ್ಟೆ. ಇವರಿಗೆ, ಆ ಕಡೆಯವರು ಸರಿಯಿಲ್ಲ, ಬಹಳ ಜೋರು ಎಂದು ವರದಿ ಒಪ್ಪಿಸಿದೆ.

ಆಗಲೇ ನಾಪೋಕ್ಲಿನಿಂದ ಮೂರು ನಾಲ್ಕು ಮೈಲಿಯಲ್ಲಿ, ಒಂದು ತೋಟದ ಮನೆಯಲ್ಲಿ ಲ್ಯಾಬ್ರಡಾರ್ ಮರಿಗಳಿವೆ ಎಂಬ ಸುದ್ದಿ ಬಂತು. ನಮ್ಮವರದೇ ಮನೆ ಎಂದರು ಹೇಳಿದವರು.

ಈ 'ನಮ್ಮವರು' ಎಂಬ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ಕೊಡಗಿನ ಗೌಡರಾದ ನಮ್ಮಲ್ಲಿ ಇಬ್ಬರು ಅಪರಿಚಿತರು ಎದುರಾದರೆ ಮೊದಲು ಯಾವ ಮನೆ, ಯಾವ ಬಳಿ, ತಾಯಿಮನೆ ಯಾವುದು ಎಂದು ಕೇಳುತ್ತಾರೆ. ಬಳಿ ಎಂದರೆ ಗೋತ್ರದ ಹಾಗೆ. ಐದು ನಿಮಿಷದಲ್ಲಿ ಎಲ್ಲಾದರೂ ಒಂದು ನೆಂಟಸ್ತಿಕೆ ಸಿಕ್ಕೇ ಸಿಗುತ್ತದೆ. ಸಿಕ್ಕಿದ ಮೇಲೆ ಅವರು ಚಿಕ್ಕಮ್ಮನೋ ಮಾವನೋ ಆಗಿಬಿಡುತ್ತಾರೆ. ಹಾಗೆ ಆದವರ ಮಾತನ್ನು ಅನುಮಾನಿಸುವುದು ಅವರ ಮನೆಯ ಮರ್ಯಾದೆಯನ್ನು ಅನುಮಾನಿಸಿದಂತೆ. ಇನ್ನೊಂದು, ನಾಯಿಮರಿ ನಮ್ಮಲ್ಲಿ ಕೊಂಡು ತರುವ ವಸ್ತುವೇ ಆಗಿರಲಿಲ್ಲ. ನಾನು ಚಿಕ್ಕವಳಿದ್ದಾಗ ಯಾರ ಮನೆಯಲ್ಲಾದರೂ ನಾಯಿ ಮರಿ ಹಾಕಿದರೆ ನಮ್ಮಪ್ಪ ಒಂದು ಸೇರು ಅಕ್ಕಿ ಕೊಟ್ಟು ಒಂದು ಮರಿ ತರುತ್ತಿದ್ದರು. ಕೊಟ್ಟದ್ದನ್ನು ಬಗಲಲ್ಲಿ ಇಟ್ಟುಕೊಂಡು ಬರುವುದು, ಅಷ್ಟೇ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಎಂಬ ಗಾದೆ ನಮ್ಮ ತಲೆಯಲ್ಲಿ ಕೂತಿದೆ. ಈಗ ಕೊಡುವುದು ದುಡ್ಡಾದರೂ ನಡವಳಿಕೆ ಅಂದಿನದೇ ಉಳಿದಿದೆ.

ಅಕ್ಟೋಬರಿನ ಒಂದು ಭಾನುವಾರ ನಾನೊಬ್ಬಳೇ ಹೋದೆ. ಇವರು ಬರೆದ ಹಾಳೆ ಕೈಚೀಲದಲ್ಲಿತ್ತು. ಬಾಗಿಲಿಗೆ ಬಂದ ಹಿರಿಯ ಹೆಂಗಸು ಅರವತ್ತೈದು ದಾಟಿದವರು, ನಗುಮುಖ. ನನ್ನ ಅಮ್ಮನ ತಾಯಿಮನೆಯ ಹೆಸರು ಹೇಳಿದ್ದೇ ತಡ, ಅಯ್ಯೋ ನಮ್ಮ ಅಕ್ಕನನ್ನು ಕೊಟ್ಟದ್ದು ಅದೇ ಮನೆಗೆ ಎಂದು ಕೈ ಹಿಡಿದುಕೊಂಡರು. ನನ್ನ ಅಮ್ಮನ ಮದುವೆಯಲ್ಲಿ ತಾವು ಚಿಕ್ಕ ಹುಡುಗಿಯಾಗಿ ಊಟಕ್ಕೆ ಕೂತದ್ದು ನೆನಪಿದೆ ಎಂದರು. ಸತ್ತು ಹದಿನೈದು ವರ್ಷವಾದ ಅಮ್ಮನ ಬಗ್ಗೆ ಯಾರಾದರೂ ಹಾಗೆ ಮಾತಾಡಿದರೆ ನಾನು ಕರಗಿಹೋಗುತ್ತೇನೆ. ಬೆಲ್ಲದ ಕಾಫಿ ಬಂತು, ಬಿಸಿ ಅಕ್ಕಿರೊಟ್ಟಿ ಬಂತು, ಮೇಲೆ ತುಪ್ಪ. ನಾನು ಅವರನ್ನು ಚಿಕ್ಕಮ್ಮ ಎಂದು ಕರೆಯಲು ಶುರು ಮಾಡಿದ್ದೆ.

ಮರಿಗಳನ್ನು ಕಾಫಿ ಕುಯ್ಯುವ ಬುಟ್ಟಿಯಲ್ಲಿ ಜಗಲಿಗೆ ತಂದಿಟ್ಟರು. ನಾಲ್ಕು ಇದ್ದವು, ಹಾಲಿನ ಕೆನೆಯ ಬಣ್ಣ. ಎಷ್ಟು ದಿನ ಆಯಿತು ಎಂದೆ. ಎರಡು ತಿಂಗಳಿಗೆ ಹತ್ತಿರ ಎಂದರು. ಅಷ್ಟು ಆದ ಹಾಗೆ ಕಾಣಲಿಲ್ಲ. ಮರಿಗಳು ಎಲ್ಲಿ ಮಲಗುತ್ತವೆ ಎಂದು ಕೇಳಲು ಬಾಯಿ ತೆರೆದೆ. ಚಿಕ್ಕಮ್ಮ ಅಷ್ಟರಲ್ಲಿ ತಟ್ಟೆಗೆ ಎರಡನೆಯ ರೊಟ್ಟಿ ಹಾಕಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ತಾಯಿ ಎಲ್ಲಿ ಚಿಕ್ಕಮ್ಮ?"

"ತೋಟಕ್ಕೆ ಹೋಗಿಟ್ಟು ಮಗಳೇ, ಕೆಲಸದವರ ಹಿಂದೆ. ಸಂಜೆಗೆ ಬರ್ತದೆ."

ಹಾಲು ಕುಡಿಯುವ ನಾಲ್ಕು ಮರಿಗಳನ್ನು ಬಿಟ್ಟು ಯಾವ ತಾಯಿ ಬೆಳಗಿನಿಂದ ಸಂಜೆಯವರೆಗೆ ತೋಟ ಸುತ್ತುತ್ತದೆ? ಆ ಪ್ರಶ್ನೆ ನನ್ನೊಳಗೆ ಎದ್ದಿತು. ಎದ್ದದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಸಂಜೆಯವರೆಗೆ ಕಾಯುತ್ತೇನೆ ಎನ್ನಬಹುದಿತ್ತು, ಇನ್ನೊಂದು ದಿನ ಬರುತ್ತೇನೆ ಎನ್ನಬಹುದಿತ್ತು. ಕೈಚೀಲದ ಹಾಳೆ ತೆಗೆದು ಓದಬಹುದಿತ್ತು. ಅಮ್ಮನ ಮದುವೆಯ ಊಟ ಉಂಡವರ ಮುಂದೆ, ಅವರ ತುಪ್ಪ ಬೆರಳಿಗೆ ಅಂಟಿರುವಾಗ, ನಿಮ್ಮ ಮಾತು ನಂಬುವುದಿಲ್ಲ, ನಾಯಿ ತೋರಿಸಿ ಎನ್ನಲು ನಾಚಿಕೆಯಾಯಿತು. ನಾಯಿಯ ವಂಶ ವಿಚಾರಿಸಲು ಹೋದವಳು ನಾಯಿಯ ಯಜಮಾನರ ವಂಶ ವಿಚಾರಿಸಿ ತೃಪ್ತಳಾದೆ. ದುಡ್ಡನ್ನು ವೀಳ್ಯದೆಲೆಯ ಮೇಲಿಟ್ಟು ಕೊಟ್ಟೆ. ನನ್ನ ಬೆರಳನ್ನೇ ಚೀಪುತ್ತಿದ್ದ ಒಂದು ಗಂಡುಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದೆ.

ಮನೆಯಲ್ಲಿ ಇವರು ಜಗಲಿಗೆ ಬಂದು ಕುಳಿತಿದ್ದರು. ಆರೇಳು ತಿಂಗಳಲ್ಲಿ ಮೊದಲ ಸಲ ರಸ್ತೆಗೆ ಮುಖ ಮಾಡಿ. ಮರಿಯನ್ನು ತೊಡೆಯ ಮೇಲೆ ಇಟ್ಟೆ. ಎಡಗೈಯಲ್ಲಿ ಅದರ ಒಸಡು ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಕಿವಿ ಮೂಸಿದರು. ನನ್ನ ಕಡೆ ತಿರುಗಿ "ತಾಯಿ?" ಎಂದರು.

"ನೋಡಿದೆ. ಚೆಂದ ಉಟ್ಟು" ಎಂದೆ. ನಮ್ಮ ಮನೆಮಾತಿನಲ್ಲಿ, ಚೆನ್ನಾಗಿದೆ ಎಂದು.

ಹೇಗೆ ನಡೆಯುತ್ತದೆ ಎಂಬಂತೆ ಎರಡು ಬೆರಳನ್ನು ತೊಡೆಯ ಮೇಲೆ ನಡೆಸಿ ತೋರಿಸಿದರು. ಸರಿಯಾಗಿ ನಡೆಯುತ್ತದೆ, ಓಡುತ್ತದೆ, ಒಳ್ಳೆಯ ಬಾಲ, ಒಳ್ಳೆಯ ಮೈ ಎಂದೆಲ್ಲ ಹೇಳಿದೆ. ನೋಡದ ನಾಯಿಯನ್ನು ಹೊಗಳುವುದು ಎಷ್ಟು ಸುಲಭ! ಇವರು ತಲೆಯಾಡಿಸಿ ಮರಿಯನ್ನು ಎದೆಗೆ ಒತ್ತಿಕೊಂಡರು.

ಮುಂದಿನ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆಯುವುದು ಈಗಲೂ ಕಷ್ಟ, ಏಕೆಂದರೆ ಅದು ಅಷ್ಟು ಚೆನ್ನಾಗಿತ್ತು. ಮರಿಗೆ ದಿನಕ್ಕೆ ಏಳೆಂಟು ಸಲ ಹೊರಗೆ ಹೋಗಬೇಕು. ಇವರು ಎದ್ದರು. ಕೋಲು ಊರಿ ಮೊದಲು ಅಂಗಳಕ್ಕೆ, ಆಮೇಲೆ ಗೇಟಿಗೆ. ಬಸ್ಸಿಗೆ ನಿಂತವರು ಈಗ ನೋಡುತ್ತಿದ್ದದ್ದು ಮರಿಯನ್ನು, ಇವರ ಕಾಲನ್ನಲ್ಲ. ಡಿಸೆಂಬರಿನಲ್ಲಿ ಗದ್ದೆಯ ಏರಿಯವರೆಗೆ ಹೋಗತೊಡಗಿದರು. ಮಾತೂ ಬಂತು, ಅದೂ ಹಿಂದಿಯಲ್ಲಿ. ಸೇನೆಯಲ್ಲಿ ನಾಯಿಗೆ ಹೇಳುತ್ತಿದ್ದ ಮಾತುಗಳು ಮೊದಲು ತಿರುಗಿ ಬಂದವು. ಅಂಗಳದಿಂದ "ಬೈಠ್" ಎಂದು ಸ್ಪಷ್ಟವಾಗಿ ಕೇಳಿದ ದಿನ ನಾನು ಒಲೆಯ ಮುಂದೆ ನಿಂತು ಅತ್ತೆ. ನನ್ನ ಸುಳ್ಳು ಅಷ್ಟರಲ್ಲಿ ಒಳ್ಳೆಯ ಸುಳ್ಳಾಗಿತ್ತು. ತಾಯಿ ನೋಡಿದ್ದರೆ ಇದಕ್ಕಿಂತ ಒಳ್ಳೆಯ ಮರಿ ಸಿಗುತ್ತಿತ್ತೇ ಎಂದು ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೆ.

ಫೆಬ್ರವರಿಯಲ್ಲಿ ನಾಯಿ ಓಡುವಾಗ ಹಿಂದಿನ ಎರಡೂ ಕಾಲನ್ನು ಒಟ್ಟಿಗೆ ಎತ್ತಿ ಮೊಲದ ಹಾಗೆ ಜಿಗಿಯುವುದನ್ನು ಕಂಡೆ. ತಮಾಷೆಯಾಗಿದೆ ಎಂದು ನಕ್ಕೆ. ಇವರು ನಗಲಿಲ್ಲ. ಆಮೇಲೆ ಅದು ಕೂರುವಾಗ ಸೊಂಟ ಒಂದು ಪಕ್ಕಕ್ಕೆ ಚೆಲ್ಲಿಕೊಂಡು ಕೂರತೊಡಗಿತು. ಬೆಳಿಗ್ಗೆ ಏಳಲು ಎರಡು ಮೂರು ಸಲ ಯತ್ನಿಸುತ್ತಿತ್ತು. ಗದ್ದೆಯ ಏರಿಯ ಅರ್ಧಕ್ಕೆ ನಿಂತುಬಿಡುತ್ತಿತ್ತು. ಆರೇಳು ತಿಂಗಳ ನಾಯಿ, ಹೆಗಲ ಮೇಲೆ ಹತ್ತಬೇಕಾದ ವಯಸ್ಸು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಶನಿವಾರಸಂತೆ ಕಡೆಯ ಆ ಹೆಂಗಸಿನ ಫೋನ್ ಬಂತು. ಮರಿಗಳಾಗಿವೆ, ನಿಮ್ಮ ಹೆಸರು ನನ್ನ ಪಟ್ಟಿಯಲ್ಲಿದೆ, ಬಂದು ನೋಡುತ್ತೀರಾ ಎಂದರು. ಯಜಮಾನರು ಈಗ ಹೇಗಿದ್ದಾರೆ, ಸಾಧು ಸ್ವಭಾವದ ಒಂದು ಮರಿ ಅವರಿಗಾಗುತ್ತದೆ ಅನ್ನಿಸುತ್ತದೆ ಎಂದೂ ಹೇಳಿದರು. ನಾನು ಅಸಡ್ಡೆಯಿಂದ ಹೇಳಿದ್ದನ್ನೆಲ್ಲ ಅವರು ಬರೆದಿಟ್ಟುಕೊಂಡಿದ್ದರು. ಬೇರೆ ಕಡೆಯಿಂದ ತಂದೆವು, ಬಹಳ ಚೆನ್ನಾಗಿದೆ ಎಂದೆ. ಎದುರಿಗೆ ಅಂಗಳದಲ್ಲಿ ನಾಯಿ ಏಳಲು ಒದ್ದಾಡುತ್ತಿತ್ತು.

ವಿರಾಜಪೇಟೆಯ ಪಶುವೈದ್ಯರು ಎಕ್ಸ್‌ರೇ ತೆಗೆಸಿದರು. ಫಿಲ್ಮನ್ನು ಬೆಳಕಿಗೆ ಹಿಡಿದು ಇಬ್ಬರಿಗೂ ತೋರಿಸಿದರು. ತೊಡೆಯ ಮೂಳೆಯ ಗುಂಡು ತಲೆ ಸೊಂಟದ ಬಟ್ಟಲಿನಲ್ಲಿ ಕೂರಬೇಕು, ಇದಕ್ಕೆ ಬಟ್ಟಲೇ ಇಲ್ಲ, ತಟ್ಟೆಯ ಹಾಗಿದೆ, ನಡೆದಷ್ಟೂ ಸವೆಯುತ್ತದೆ ಎಂದರು. ದೊಡ್ಡ ಆಪರೇಶನ್ ಮಾಡುವವರು ದೂರದ ಊರಿನಲ್ಲಿದ್ದಾರೆ, ಎರಡೂ ಕಡೆ ಇಷ್ಟು ಕೆಟ್ಟಿರುವಾಗ ತಾನು ಭರವಸೆ ಕೊಡಲಾರೆ ಎಂದರು. ಸದ್ಯಕ್ಕೆ ಮಾತ್ರೆ, ತೂಕ ಏರದಂತೆ ನೋಡಿಕೊಳ್ಳುವುದು, ಹೆಚ್ಚು ನಡೆಸದಿರುವುದು. ಇದು ಹೆತ್ತವುಗಳಿಂದ ಬರುವ ದೋಷ ಎಂದು ಹೇಳಿ ಸಹಜವಾಗಿ ಕೇಳಿದರು.

"ತಾಯಿ ನಾಯಿಯ ನಡಿಗೆ ಹೇಗಿತ್ತು? ನೋಡಿದ್ರಲ್ಲ?"

ಇವರು ನನ್ನ ಮುಖ ನೋಡಿದರು. ಆಗಲೇ ಹೇಳಬೇಕಿತ್ತು. ಸರಿಯಾಗಿತ್ತು ಎಂದೆ. ಇವರು ಕಣ್ಣು ಬೇರೆ ಕಡೆ ತಿರುಗಿಸಿ ನಾಯಿಯ ಕಿವಿ ಸವರತೊಡಗಿದರು.

ಮಾರನೆಯ ದಿನ ಆ ತೋಟದ ಮನೆಗೆ ಹೋದೆ. ಜಗಳಕ್ಕೇ ಹೋದದ್ದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಚಿಕ್ಕಮ್ಮ ಮೊದಲಿನಂತೆಯೇ ನಗುತ್ತ ಬಂದು ಕಾಫಿಗೆ ನೀರಿಡಲು ತಿರುಗಿದರು. ಕಾಫಿ ಬೇಡ, ತಾಯಿ ನಾಯಿಯನ್ನು ತೋರಿಸಿ ಎಂದೆ. ನಮ್ಮಲ್ಲಿ ಮನೆಗೆ ಹೋಗಿ ಕಾಫಿ ಬೇಡ ಎನ್ನುವುದು ಬೈಗುಳಕ್ಕಿಂತ ದೊಡ್ಡದು. ಅವರ ಮುಖ ಇಳಿಯಿತು. ಹಿತ್ತಲಿಗೆ ಕರೆದುಕೊಂಡು ಹೋದರು.

ಸೌದೆ ಕೊಟ್ಟಿಗೆಯ ಮೂಲೆಯಲ್ಲಿ, ಗೋಣಿಯ ಮೇಲೆ, ಅದು ಮಲಗಿತ್ತು. ನನ್ನನ್ನು ಕಂಡು ಏಳಲು ನೋಡಿತು. ಮುಂದಿನ ಕಾಲುಗಳಲ್ಲಿ ಮೈಯನ್ನು ಎಳೆದು ಎಬ್ಬಿಸಿ, ಹಿಂದಿನ ಕಾಲುಗಳು ಒಂದಕ್ಕೊಂದು ತಾಗಿ, ಗೋಡೆಗೆ ಒರಗಿ ನಿಂತಿತು. ನಮ್ಮ ನಾಯಿ ಏಳುವ ರೀತಿಯೇ. ನೂಲಿನಂತೆ ಸೀರೆ ಎನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. ಹೊಟ್ಟೆ ಜೋತಿತ್ತು. ಮತ್ತೆ ಬಸುರಿ. ಅಷ್ಟಾದರೂ ನನ್ನ ಗುರುತು ಪರಿಚಯವಿಲ್ಲದ ಆ ನಾಯಿ ಬಾಲ ಅಲ್ಲಾಡಿಸಿತು. ಅದರ ಬಾಲವನ್ನು ನಾನು ನೋಡದೆಯೇ ಹೊಗಳಿದ್ದೆ. ನಿಂತಲ್ಲೇ ಭೂಮಿಗೆ ಇಳಿದುಹೋಗಬೇಕು ಅನ್ನಿಸಿತು.

ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ಬರಲಿಲ್ಲ. ಯಾಕೆ ಹೀಗೆ ಮಾಡಿದಿರಿ ಎಂದಷ್ಟೇ ಕೇಳಿದೆ. ಅದಕ್ಕೆ ಮೊದಲಿನಿಂದಲೂ ಕಾಲು ಅಷ್ಟಕ್ಕಷ್ಟೇ ಎಂದರು. ಮರಿಗಳಿಗೂ ಬರುತ್ತದೆಂದು ತಮಗೆ ಯಾರೂ ಹೇಳಲಿಲ್ಲ, ದನಕ್ಕೆ ಕಾಲು ಕುಂಟಾದರೆ ಕರುವಿಗೂ ಬರುತ್ತದೆಯೇ ಎಂದರು. ಅನ್ನ, ಗಂಜಿ ಎಲ್ಲ ಸರಿಯಾಗಿಯೇ ಹಾಕುತ್ತೇನೆ ಎಂದರು. ಸುಳ್ಳು ಹೇಳುವವರ ಹಾಗೆ ಕಾಣಲಿಲ್ಲ. ತೋಟಕ್ಕೆ ಹೋಗಿದೆ ಎಂದಿರಲ್ಲ ಎಂದಾಗ ಬಗ್ಗಿ ನಾಯಿಯ ಗೋಣಿ ಸರಿಪಡಿಸಿದರು.

"ಬಂದ ನೆಂಟರಿಗೆ ಇದನ್ನ ಹೇಗೆ ತೋರಿಸೋದು ಅಂತ ನಾಚಿಕೆ ಆಯ್ತು. ನೀನು ಇನ್ನೊಂದು ಸಲ ಕೇಳಿದ್ರೆ ತೋರಿಸ್ತಿದ್ದೆ ಮಗಳೇ. ನೀನು ಕೇಳಲೇ ಇಲ್ಲೆ ಅಲಾ" ಎಂದರು.

ಅವರಿಗೂ ನಾಚಿಕೆ, ನನಗೂ ನಾಚಿಕೆ. ಇಬ್ಬರ ಮರ್ಯಾದೆಯ ನಡುವೆ ಆ ಮರಿ ಬುಟ್ಟಿಯಿಂದ ಸೆರಗಿಗೆ ದಾಟಿತ್ತು. ಇನ್ನು ಮರಿ ಹಾಕಿಸಬೇಡಿ ಎಂದೆ. ಇದೊಂದು ಸಲ, ಆಮೇಲೆ ಇಲ್ಲ ಎಂದರು. ಮಾತು ಉಳಿಸಿಕೊಂಡರೋ ಇಲ್ಲವೋ ನನಗೆ ಗೊತ್ತಿಲ್ಲ. ಆಮೇಲೆ ಆ ಕಡೆ ಹೋಗಿಲ್ಲ. ಅಲ್ಲಿ ಮರಿಗಳಿವೆಯಂತೆ, ನಿಮಗೆ ನೆಂಟರಂತೆ, ಹೇಗೆ ಎಂದು ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಶನಿವಾರಸಂತೆಯ ನಂಬರು ಕೊಡುತ್ತೇನೆ. ಅಲ್ಲಿ ತುಂಬ ಪ್ರಶ್ನೆ ಕೇಳುತ್ತಾರೆ, ಸಿಟ್ಟು ಮಾಡಿಕೊಳ್ಳಬೇಡಿ ಎಂದೂ ಸೇರಿಸುತ್ತೇನೆ. ಇದರಿಂದ ನೆಂಟರ ಮನೆಗಳಲ್ಲಿ ನನಗೆ ಒಳ್ಳೆಯ ಹೆಸರೇನೂ ಬಂದಿಲ್ಲ.

ಇವರ ನಡಿಗೆ ನಾಯಿಯ ನಡಿಗೆಯ ಜೊತೆ ಚಿಕ್ಕದಾಗುತ್ತ ಬಂತು. ಗದ್ದೆಯ ಏರಿ ಬಿಟ್ಟರು, ಆಮೇಲೆ ಗೇಟು ಬಿಟ್ಟರು. ಡಾಕ್ಟರು ಹೇಳಿದ ವರ್ಷ ಮುಗಿಯುವ ಹೊತ್ತಿಗೆ ಜಗಲಿಯಿಂದ ಅಂಗಳದ ತುಳಸಿಕಟ್ಟೆಯವರೆಗೆ ಬಂದು ನಿಂತಿತ್ತು ಇಬ್ಬರ ಲೋಕ. ನಾಯಿಯನ್ನು ಹೆಚ್ಚು ನಡೆಸಬಾರದು, ಇವರನ್ನು ನಡೆಸದೆ ಬಿಡಬಾರದು. ನಾನು ಇಬ್ಬರ ನಡುವೆ ನಿಂತು ಯಾರನ್ನು ಎಬ್ಬಿಸಲಿ, ಯಾರನ್ನು ಕೂರಿಸಲಿ?

ಒಂದು ಸಂಜೆ, ಏಪ್ರಿಲ್ ಇರಬೇಕು, ಇವರ ಪಕ್ಕದಲ್ಲಿ ಕೂತು ಹೇಳಿಬಿಟ್ಟೆ. ನಾನು ತಾಯಿಯನ್ನು ನೋಡಿರಲಿಲ್ಲ. ಎರಡು ಸಲ ಸುಳ್ಳು ಹೇಳಿದೆ. ಹೇಳುವಾಗ ನನ್ನ ದನಿ ನನ್ನದೇ ಎನಿಸಲಿಲ್ಲ. ಇವರು ಆಶ್ಚರ್ಯಪಡಲಿಲ್ಲ.

"ಗೊತ್ತಿತ್ತು" ಎಂದರು. ಒಂದೊಂದು ಮಾತಿಗೂ ನಿಂತು, ಉಸಿರು ತೆಗೆದುಕೊಂಡು ಮುಂದುವರಿಸಿದರು. "ಮೊದಲ ದಿನವೇ. ನೀನು ನೋಡಿದ್ರೆ... ಏನಾದ್ರೂ ಕುಂದು ಹೇಳ್ತಿದ್ದೆ. ಬರೀ ಚೆಂದ ಉಟ್ಟು ಅಂದೆ."

ಮೂವತ್ತು ವರ್ಷ ಜೊತೆಗೆ ಬಾಳಿದವರ ಮುಂದೆ ಸುಳ್ಳು ಹೇಳುವುದು ಇಷ್ಟೇ. ಎಂಥಕೆ ಹೇಳಲಿಲ್ಲ ಹಾಗಾದರೆ, ಆಗಲೇ ಹೇಳಬಹುದಿತ್ತಲ್ಲ ಎಂದು ಕೇಳಿದೆ. ನನ್ನ ದನಿ ಏರಿತ್ತು. ತಪ್ಪು ನನ್ನದಾದಾಗಲೂ ದನಿ ಏರಿಸುವುದು ನನ್ನ ಗುಣ.

"ನೀನು ವಾಪಸ್ ಕೊಡ್ತಿದ್ದೆ" ಎಂದರು.

ಅದೂ ನಿಜವೇ. ಬಟ್ಟೆಗೆ ಒಂದು ನೂಲು ಎದ್ದಿದ್ದರೂ ಅಂಗಡಿಗೆ ಹಿಂದಿರುಗಿಸುವವಳು ನಾನು. ಖಂಡಿತ ಕೊಡುತ್ತಿದ್ದೆ. ಆ ಮರಿ ಸೌದೆ ಕೊಟ್ಟಿಗೆಗೆ ಹೋಗುತ್ತಿತ್ತು.

ಅದಾಗಿ ಈಗ ಎರಡು ವರ್ಷ. ಮೊನ್ನೆ ಮತ್ತೆ ಬೇಡಿಕೊಂಡೆ. ಇನ್ನೂ ಸ್ವಲ್ಪ ಬಲ ಬರಬಹುದು, ನೀವಾದರೂ ಗೇಟಿನವರೆಗೆ ಹೋಗಿ ಬನ್ನಿ, ನಾಯಿಯನ್ನು ನಾನು ಹಿಡಿದುಕೊಳ್ಳುತ್ತೇನೆ ಎಂದೆ. ನಾಯಿ ಅವರ ಪಾದದ ಮೇಲೆ ತಲೆಯಿಟ್ಟು ಮಲಗಿತ್ತು.

"ನಾನು ಎದ್ರೆ ಅದೂ ಏಳ್ತದೆ" ಎಂದರು.

ಏಳುತ್ತದೆ. ನಾನು ನೋಡಿದ್ದೇನೆ. ಇವರು ಕೋಲಿಗೆ ಕೈ ಹಾಕಿದರೆ ಸಾಕು, ಕಣ್ಣು ತೆರೆದು, ಮುಂದಿನ ಕಾಲುಗಳಲ್ಲಿ ಮೈಯೆಳೆದು, ನೋವಿಗೆ ನಡುಗುತ್ತ ಅದೂ ನಿಲ್ಲುತ್ತದೆ. ಹಿಡಿದುಕೊಂಡರೆ ಕೊರಳು ಬಿಗಿದುಕೊಂಡು ಎಳೆಯುತ್ತದೆ. ಒಬ್ಬ ಮನುಷ್ಯನಿಗೆ ಒಂದು ನಾಯಿ ಎಂದು ಅದಕ್ಕೆ ಕಲಿಸಿದವರು ಇವರೇ. ಆದ್ದರಿಂದ ಇವರು ಕೋಲಿಗೆ ಕೈ ಹಾಕುವುದಿಲ್ಲ. ಅದಕ್ಕೆ ನೋವಾಗಬಾರದೆಂದು ಬೆಳಗಿನಿಂದ ಸಂಜೆಯವರೆಗೆ ಅಲುಗದೆ ಕೂರುತ್ತಾರೆ. ಇವರನ್ನು ಎಬ್ಬಿಸಲೆಂದು ನಾನು ತಂದ ನಾಯಿ ಅದು.